ಭೂವಿಜ್ಞಾನಿಗಳ ಜೊತೆ ನಾಲ್ಕು ವಾರ: ಅಲ್ಲಿ ಕಂಡದ್ದನ್ನು ತರಗತಿಗೆ ತರುವುದು ಹೇಗೆ?

ಪ್ರಶ್ನೆ — ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ

ಹದಿನಾಲ್ಕು ವರ್ಷಗಳಿಂದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ಪ್ರತಿ ವರ್ಷದ ಆರಂಭದಲ್ಲಿ ‘ವೈಜ್ಞಾನಿಕ ವಿಧಾನ’ ಎಂಬ ಪಾಠ ಬರುತ್ತದೆ. ವೀಕ್ಷಣೆ, ಪ್ರಾಕ್ಕಲ್ಪನೆ, ಪ್ರಯೋಗ, ತೀರ್ಮಾನ ಎಂದು ನಾಲ್ಕು ಚೌಕಗಳನ್ನು ಹಲಗೆಯ ಮೇಲೆ ಬರೆದು, ನಡುವೆ ಬಾಣದ ಗುರುತು ಹಾಕಿ, ಮುಂದಿನ ಪಾಠಕ್ಕೆ ಹೋಗುವುದು ನನ್ನ ರೂಢಿಯಾಗಿತ್ತು. ಈ ಸಲದ ರಜೆಯಲ್ಲಿ, ಶಿಕ್ಷಕರನ್ನು ಸಂಶೋಧನಾ ತಂಡಗಳಲ್ಲಿ ಕೆಲಸಕ್ಕೆ ಹಚ್ಚುವ ಕಾರ್ಯಕ್ರಮವೊಂದರ ಮೂಲಕ ನಾಲ್ಕು ವಾರ ಭೂವಿಜ್ಞಾನಿಗಳ ಜೊತೆಗಿದ್ದೆ. ಮೂರು ವಾರ ಭೂವೈಜ್ಞಾನಿಕ ನಕ್ಷೆ ತಯಾರಿಸುವ ಕ್ಷೇತ್ರಕಾರ್ಯ, ಒಂದು ವಾರ ಪ್ರಯೋಗಾಲಯ. ಮರಳಿ ಬಂದ ಮೇಲೆ ಆ ನಾಲ್ಕು ಚೌಕಗಳನ್ನು ಬರೆಯಲು ಕೈ ಏಳುತ್ತಿಲ್ಲ.

ಕಾರಣವನ್ನು ಒಂದು ದಿನದ ಘಟನೆಯಿಂದ ಹೇಳುತ್ತೇನೆ. ಇಳಿಜಾರೊಂದರಲ್ಲಿ ಮರಳುಗಲ್ಲಿನ ಎರಡು ಪದರಗಳ ನಡುವೆ ಸಣ್ಣ ಕಣಗಳ ಕಪ್ಪು ಶಿಲೆಯ ಹಾಸೊಂದು ಕಾಣಿಸಿತು. ತಂಡದ ಹಿರಿಯರು ಅದನ್ನು ಹಿಂದೊಮ್ಮೆ ನೆಲದ ಮೇಲೆ ಹರಿದು ಆರಿದ ಲಾವಾ ಎಂದರು. ಅವರ ಕಿರಿಯ ಸಹೋದ್ಯೋಗಿಯೊಬ್ಬರು, ಅದು ಮರಳುಗಲ್ಲು ಉಂಟಾದ ಎಷ್ಟೋ ಕಾಲದ ನಂತರ ಪದರಗಳ ನಡುವೆ ನುಗ್ಗಿ ಗಟ್ಟಿಯಾದ ಶಿಲಾರಸ, ಅಂದರೆ ‘ಸಿಲ್’, ಎಂದರು. ದೊಡ್ಡವರ ಮಾತಿಗೆ ತಂಡ ಒಪ್ಪಿಕೊಳ್ಳುತ್ತದೆ ಎಂದೇ ನಾನು ಭಾವಿಸಿದ್ದೆ. ಆದರೆ ಇಬ್ಬರೂ ಕುಳಿತು ಟಿಪ್ಪಣಿ ಪುಸ್ತಕದ ಒಂದು ಪುಟವನ್ನು ಎರಡು ಭಾಗ ಮಾಡಿದರು. ಅದು ಲಾವಾ ಆಗಿದ್ದರೆ ಅದರ ಕಾವು ಕೆಳಗಿನ ಮರಳುಗಲ್ಲಿಗೆ ಮಾತ್ರ ತಟ್ಟಿರಬೇಕು, ಮೇಲ್ಮೈ ಗಾಳಿ ಮಳೆಗೆ ಸವೆದಿರಬೇಕು, ಅದರ ಚೂರುಗಳು ಮೇಲಿನ ಮರಳುಗಲ್ಲಿನಲ್ಲಿ ಸಿಕ್ಕಿಕೊಂಡಿರಬೇಕು. ಸಿಲ್ ಆಗಿದ್ದರೆ ಮೇಲಿನ ಕಲ್ಲೂ ಕೆಳಗಿನ ಕಲ್ಲೂ ಬೆಂದಿರಬೇಕು, ಹಾಸಿನ ಎರಡೂ ಅಂಚುಗಳು ಬೇಗ ಆರಿದ್ದರಿಂದ ಅಲ್ಲಿನ ಕಣಗಳು ನಡುಭಾಗದ ಕಣಗಳಿಗಿಂತ ಸಣ್ಣದಾಗಿರಬೇಕು. ಇಷ್ಟನ್ನು ಬರೆದುಕೊಂಡ ಮೇಲೆಯೇ ಅವರು ಎದ್ದು ಹುಡುಕತೊಡಗಿದ್ದು. ಮೇಲಿನ ಅಂಚು ಮಣ್ಣಿನಡಿ ಮುಚ್ಚಿಹೋಗಿತ್ತು. ಅದು ತೆರೆದು ಕಾಣುವ ಒಂದು ಜಾಗಕ್ಕಾಗಿ ಇಡೀ ಮಧ್ಯಾಹ್ನ ಅಲೆದೆವು. ಕೊನೆಗೆ ತೊರೆಯ ಕೊರಕಲಿನಲ್ಲಿ ಸಿಕ್ಕಿದ ಮೊಳದಷ್ಟು ಅಗಲದ ಜಾಗದಲ್ಲಿ ಮೇಲಿನ ಮರಳುಗಲ್ಲು ಬೆಂದು ಗಡುಸಾಗಿದ್ದಂತೆ ತೋರಿತು. ಆಗಲೂ ಅವರು ‘ಸಿಲ್’ ಎಂದು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಪ್ರಯೋಗಾಲಯದಲ್ಲಿ ಅಂಚಿನ ಕಲ್ಲನ್ನು 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿ, ಬೆಳಕು ಹಾಯುವಂತಾದ ಆ ತೆಳುಪದರವನ್ನು ಸೂಕ್ಷ್ಮದರ್ಶಕದಡಿ ನೋಡಿ, ಎರಡೂ ಅಂಚುಗಳಲ್ಲಿ ಕಣಗಳು ಸಣ್ಣವಾಗಿರುವುದನ್ನು ಕಂಡ ಮೇಲೆ ಆ ಚಿಹ್ನೆಯನ್ನು ತೆಗೆದರು. ತೆಗೆದದ್ದು ಅಳಿಸಿ ಅಲ್ಲ, ಓದಲು ಬರುವಂತೆ ಒಂದೇ ಗೆರೆ ಎಳೆದು, ದಿನಾಂಕ ಹಾಕಿ.

ನನ್ನ ಮನಸ್ಸನ್ನು ಹೆಚ್ಚು ತಟ್ಟಿದ್ದು ನಕ್ಷೆಯ ಗೆರೆಗಳು. ಎರಡು ಶಿಲೆಗಳು ಸೇರುವ ಜಾಗವನ್ನು ಕಣ್ಣಾರೆ ಕಂಡಿದ್ದರೆ ಅಖಂಡ ಗೆರೆ, ಸುತ್ತಲಿನ ಸುಳಿವುಗಳಿಂದ ಅಂದಾಜಿಸಿದ್ದರೆ ತುಂಡುಗೆರೆ, ಮಣ್ಣಿನಡಿ ಹೂತುಹೋಗಿದ್ದರೆ ಚುಕ್ಕಿಗೆರೆ. ತಮಗೆ ಏನು ಗೊತ್ತು ಎಂಬುದರ ಜೊತೆಗೆ ಅದು ಎಷ್ಟು ಗಟ್ಟಿಯಾಗಿ ಗೊತ್ತು ಎಂಬುದನ್ನೂ ಅವರು ಒಂದೇ ಗೆರೆಯಲ್ಲಿ ಹೇಳುತ್ತಾರೆ. ನನ್ನ ವಿದ್ಯಾರ್ಥಿಗಳ ಪುಸ್ತಕಗಳಲ್ಲಿರುವುದು ಅಖಂಡ ಗೆರೆ ಮಾತ್ರ, ಮತ್ತು ಅದನ್ನು ಹಾಗೆ ಎಳೆಯಲು ಕಲಿಸಿದವಳು ನಾನೇ.

ಹಿಂದಿರುಗಿದ ವಾರ ಒಂದು ಪ್ರಯತ್ನ ಮಾಡಿದೆ. ಆರು ಕಲ್ಲುಗಳನ್ನು ಗುಂಪುಗಳಿಗೆ ಕೊಟ್ಟು ಗುರುತಿಸಲು ಹೇಳಿದೆ. ಧೈರ್ಯವಾಗಿ ಮಾತನಾಡುವ ವಿದ್ಯಾರ್ಥಿ ಹೇಳಿದ ಹೆಸರನ್ನು ಉಳಿದವರು ಬರೆದುಕೊಂಡರು. ಕೊನೆಗೆ ‘ಸರಿಯುತ್ತರ ಯಾವುದು?’ ಎಂದು ಎಲ್ಲರೂ ನನ್ನ ಮುಖ ನೋಡಿದರು, ನಾನು ಹೇಳಿಯೂಬಿಟ್ಟೆ. ನನ್ನ ಪ್ರಶ್ನೆ ಇಷ್ಟು: ಬೆಟ್ಟವೂ ಇಲ್ಲದ, ಮೂರು ವಾರಗಳ ಬಿಡುವೂ ಇಲ್ಲದ ನಲವತ್ತು ನಿಮಿಷಗಳ ತರಗತಿಯಲ್ಲಿ, ಆ ಪುಟವನ್ನು ಎರಡು ಭಾಗ ಮಾಡಿದ ಕ್ಷಣವನ್ನು ಮತ್ತು ಆ ತುಂಡುಗೆರೆಯನ್ನು ಮಕ್ಕಳಿಗೆ ದಕ್ಕಿಸುವುದು ಹೇಗೆ?

ಉತ್ತರ 1 — ಕ್ಷೇತ್ರ ಭೂವಿಜ್ಞಾನಿ

ತಾವು ಕಂಡದ್ದನ್ನು ಇಷ್ಟು ಸ್ಪಷ್ಟವಾಗಿ ಬರೆದಿದ್ದಕ್ಕೆ ಮೊದಲು ವಂದನೆಗಳು. ಇಪ್ಪತ್ತು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದರೂ ನಮ್ಮ ಗೆರೆಗಳ ಬಗ್ಗೆ ನಾನು ಹೀಗೆ ಯೋಚಿಸಿರಲಿಲ್ಲ.

ಪುಟವನ್ನು ಎರಡು ಭಾಗ ಮಾಡುವ ಪದ್ಧತಿಗೆ ಹಳೆಯ ಬೇರುಗಳಿವೆ. ಅಮೆರಿಕದ ಭೂವಿಜ್ಞಾನಿ ಥಾಮಸ್ ಚೇಂಬರ್ಲಿನ್ 1890ರಲ್ಲಿ ಇದನ್ನು ‘ಏಕಕಾಲದಲ್ಲಿ ಹಲವು ಪ್ರಾಕ್ಕಲ್ಪನೆಗಳನ್ನು ಇಟ್ಟುಕೊಂಡು ದುಡಿಯುವ ವಿಧಾನ’ ಎಂದು ವಿವರಿಸಿದರು. ಒಂದೇ ವಿವರಣೆಯನ್ನು ಹೊತ್ತು ನಡೆದವನಿಗೆ ಅದರ ಮೇಲೆ ಹೆತ್ತವರ ಮಮತೆ ಹುಟ್ಟುತ್ತದೆ, ಆಮೇಲೆ ಅದಕ್ಕೆ ಒಪ್ಪುವ ಸಾಕ್ಷ್ಯಗಳೇ ಕಣ್ಣಿಗೆ ಬೀಳುತ್ತವೆ ಎಂಬುದು ಅವರ ಕಳವಳವಾಗಿತ್ತು. ಆದ್ದರಿಂದ ನಿಮ್ಮ ಕಲ್ಲುಗಳ ಪಾಠದಲ್ಲಿ ತಪ್ಪಿದ್ದು ಮಕ್ಕಳಲ್ಲ ಎಂದು ನನ್ನ ಅಭಿಪ್ರಾಯ. ‘ಇದು ಯಾವ ಕಲ್ಲು?’ ಎಂಬ ಪ್ರಶ್ನೆಗೆ ಒಂದು ಹೆಸರು ಮಾತ್ರ ಉತ್ತರವಾಗಬಲ್ಲದು, ಮತ್ತು ಹೆಸರು ಗೊತ್ತಿರುವವರು ಗೆಲ್ಲುತ್ತಾರೆ. ಬದಲಿಗೆ, ‘ಇದು ಸುಣ್ಣಕಲ್ಲೋ ಬೆಣಚುಕಲ್ಲೋ ಇರಬಹುದು, ಮುಟ್ಟುವ ಮೊದಲು, ಎರಡರಲ್ಲಿ ಯಾವುದಾದರೆ ಏನೇನು ಕಾಣಬೇಕು ಎಂದು ಬರೆಯಿರಿ’ ಎಂದು ಕೇಳಿ ನೋಡಿ. ಸುಣ್ಣಕಲ್ಲಾದರೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿಗೆ ನೊರೆಯೇಳಬೇಕು, ಉಕ್ಕಿನ ಮೊಳೆಯಿಂದ ಗೀರು ಬೀಳಬೇಕು. ಬೆಣಚುಕಲ್ಲಾದರೆ ಎರಡೂ ಆಗಬಾರದು, ಬದಲಿಗೆ ಅದೇ ಗಾಜಿನ ಮೇಲೆ ಗೀರು ಹಾಕಬೇಕು. (ಆಮ್ಲದ ಹನಿಯನ್ನು ನೀವೇ ಹಾಕಿ, ಕನ್ನಡಕ ಧರಿಸಿ.) ಹೆಸರು ಗೊತ್ತಿದ್ದ ವಿದ್ಯಾರ್ಥಿಗೆ ಈಗ ಹೆಚ್ಚಿನ ಅನುಕೂಲವೇನೂ ಇಲ್ಲ.

ಇನ್ನೊಂದು ಮಾತು. ನಿಮ್ಮ ನಾಲ್ಕು ಚೌಕಗಳಲ್ಲಿ ‘ಪ್ರಯೋಗ’ ಎಂಬುದಿದೆ. ಬೆಟ್ಟದ ಮೇಲೆ ನಾವು ಪ್ರಯೋಗ ಮಾಡುವುದನ್ನು ನೀವು ಕಂಡಿರಲಾರಿರಿ. ಆದರೆ ಆ ಮಧ್ಯಾಹ್ನ ಮೇಲಿನ ಅಂಚಿಗಾಗಿ ಅಲೆದದ್ದೇ ನಮ್ಮ ಪ್ರಯೋಗ. ಗ್ರಾನೈಟ್ ನೀರಿನಿಂದ ಹರಳುಗಟ್ಟಿದ ಶಿಲೆ ಎಂದು ಅನೇಕರು ನಂಬಿದ್ದ ಕಾಲದಲ್ಲಿ, ಅದು ಒಮ್ಮೆ ಕರಗಿದ ಸ್ಥಿತಿಯಲ್ಲಿತ್ತು ಎಂದು ಸ್ಕಾಟ್ಲೆಂಡಿನ ಜೇಮ್ಸ್ ಹಟನ್ ತರ್ಕಿಸಿದರು. ಹಾಗಿದ್ದರೆ ಗ್ರಾನೈಟು ಬೇರೆ ಶಿಲೆಯನ್ನು ಸಂಧಿಸುವ ಕಡೆ ಅದರ ಎಳೆಗಳು ಆ ಶಿಲೆಯೊಳಗೆ ನುಗ್ಗಿರಬೇಕು. 1785ರಲ್ಲಿ ಅವರು ಅಂಥದೊಂದು ಸಂಧಿಯನ್ನೇ ಹುಡುಕಿಕೊಂಡು ಗ್ಲೆನ್ ಟಿಲ್ಟ್ ಕಣಿವೆಗೆ ಹೋದರು, ಅಲ್ಲಿ ಕೆಂಪು ಗ್ರಾನೈಟಿನ ಎಳೆಗಳು ಹಳೆಯ ಶಿಲೆಯನ್ನು ಸೀಳಿಕೊಂಡು ಹೋಗಿರುವುದನ್ನು ಕಂಡರು. ಎಲ್ಲಿ ನೋಡಿದರೆ ತನ್ನ ಊಹೆ ಸೋಲಬಹುದೋ ಅಲ್ಲಿಗೇ ಹೋಗಿ ನೋಡುವುದು, ಕೊಳವೆಯಲ್ಲಿ ದ್ರಾವಣ ಬೆರೆಸುವುದಕ್ಕೆ ಯಾವ ರೀತಿಯಲ್ಲೂ ಕಡಿಮೆಯಲ್ಲದ ಪರೀಕ್ಷೆ.

ಉತ್ತರ 2 — ಗಣಿತ ಮತ್ತು ವಿಜ್ಞಾನ ಶಿಕ್ಷಕ

ಕೆಲವು ವರ್ಷಗಳ ಹಿಂದೆ ನಾನೂ ಇಂಥದೇ ತರಬೇತಿಗೆ ಹೋಗಿದ್ದೆ, ಹಿಂದಿರುಗಿ ಇದೇ ಇಕ್ಕಟ್ಟಿಗೆ ಸಿಲುಕಿದ್ದೆ. ನನಗೆ ಕೈಹಿಡಿದದ್ದು ಒಂದು ರಟ್ಟಿನ ಪೆಟ್ಟಿಗೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇದರ ಗುಣವೆಲ್ಲ ವಿವರಗಳಲ್ಲಿದೆ.

ಪೆಟ್ಟಿಗೆಯೊಳಗೆ ಒಂದು ಹಲಗೆಯನ್ನು ಓರೆಯಾಗಿ ಇರಿಸಿ ಮುಚ್ಚಳವನ್ನು ಅಂಟಿಸಿಬಿಡಿ. ಹಲಗೆಯೇ ಭೂಮಿಯೊಳಗೆ ವಾಲಿಕೊಂಡಿರುವ ಶಿಲಾಪದರ. ಮುಚ್ಚಳದ ಮೇಲೆ ಚೌಕಗಳನ್ನು ಎಳೆದು, ಗೆರೆಗಳು ಸೇರುವಲ್ಲೆಲ್ಲ ಸಣ್ಣ ರಂಧ್ರ ಮಾಡಿ, ರಂಧ್ರಗಳ ಮೇಲೆ ಕಾಗದದ ತುಣುಕು ಅಂಟಿಸಿ. ಹೆಣಿಗೆಯ ಕಡ್ಡಿಯನ್ನು ಒಳಗೆ ಇಳಿಸಿ, ಅದು ಹಲಗೆಗೆ ತಾಗುವ ಆಳವನ್ನು ಅಳೆಯುವುದೇ ಕೊಳವೆ ಕೊರೆಯುವ ಕೆಲಸ. ಪ್ರತಿ ಗುಂಪಿಗೆ ಮೂರೇ ರಂಧ್ರಗಳನ್ನು ತೆರೆಯಲು ಅನುಮತಿ. ಎಷ್ಟು ಬೇಕಾದರೂ ತೆರೆಯಿರಿ ಎಂದರೆ ಮಕ್ಕಳು ಯೋಚಿಸದೆ ಎಲ್ಲವನ್ನೂ ಚುಚ್ಚುತ್ತಾರೆ. ಮೂರೇ ಎಂದರೆ ಎಲ್ಲಿ ಚುಚ್ಚಬೇಕೆಂದು ಹತ್ತು ನಿಮಿಷ ವಾದಿಸುತ್ತಾರೆ, ಆ ವಾದವೇ ಪಾಠ.

ಮೂರು ಬಿಂದುಗಳು ಒಂದು ಸಮತಲವನ್ನು ನಿರ್ಧರಿಸುತ್ತವೆ. ಚೌಕವೊಂದರ ಮೂರು ಮೂಲೆಗಳಲ್ಲಿ ಆಳ 4, 6 ಮತ್ತು 7 ಸೆಂಟಿಮೀಟರ್ ಸಿಕ್ಕಿತು ಎಂದುಕೊಳ್ಳಿ. 4 ಇರುವ ಮೂಲೆಗೆ ಎದುರಾದ ನಾಲ್ಕನೆಯ ಮೂಲೆಯಲ್ಲಿ ಪದರವು 6 + 7 − 4, ಅಂದರೆ 9 ಸೆಂಟಿಮೀಟರ್ ಆಳದಲ್ಲಿರಬೇಕು. ಇಲ್ಲಿ ಮಕ್ಕಳಿಗೆ ಒಂದು ಪ್ರಶ್ನೆ ಕೇಳಿ: ‘ಮೂರು ರಂಧ್ರಗಳು ನಿಮ್ಮ ಸಮತಲಕ್ಕೆ ಸರಿಯಾಗಿ ಹೊಂದಿದವು, ಹಾಗಾದರೆ ನೀವು ಅಂದುಕೊಂಡದ್ದು ನಿಜವೆಂದಾಯಿತೇ?’ ಆಗಲಿಲ್ಲ. ಯಾವ ಮೂರು ಸಂಖ್ಯೆಗಳನ್ನು ಕೊಟ್ಟರೂ ಒಂದು ಸಮತಲ ಹೊಂದಿಯೇ ಹೊಂದುತ್ತದೆ. ಸೋಲಲು ಅವಕಾಶ ಇರುವುದು ನಾಲ್ಕನೆಯ ರಂಧ್ರದಲ್ಲಿ ಮಾತ್ರ. ಆದ್ದರಿಂದ ನಾಲ್ಕನೆಯದನ್ನು ತೆರೆಯುವ ಮೊದಲು ಅವರು ‘9’ ಎಂದು ಬರೆದು ಸಹಿ ಹಾಕಬೇಕೆಂಬುದು ನಮ್ಮ ತರಗತಿಯ ನಿಯಮ. ಕೆಲವು ಪೆಟ್ಟಿಗೆಗಳಲ್ಲಿ ನಾನು ಹಲಗೆಯನ್ನು ಕತ್ತರಿಸಿ ಅರ್ಧವನ್ನು ಕೆಳಗೆ ಸರಿಸಿರುತ್ತೇನೆ, ಸ್ತರಭಂಗದ ಹಾಗೆ. ಅಲ್ಲಿ 9ರ ಬದಲು 12 ಬರುತ್ತದೆ.

ಕೊನೆಗೆ ಪದರದ ಅಡ್ಡಸೀಳು ನೋಟವನ್ನು ಬರೆಯುತ್ತಾರೆ: ರಂಧ್ರವಿದ್ದಲ್ಲಿ ಅಖಂಡ ಗೆರೆ, ರಂಧ್ರಗಳ ನಡುವೆ ತುಂಡುಗೆರೆ, ಅವುಗಳ ಆಚೆಗೆ ಚುಕ್ಕಿಗೆರೆ. ಇದು ಭೂವಿಜ್ಞಾನಿಗಳ ಕಟ್ಟುನಿಟ್ಟಾದ ಬಳಕೆಗಿಂತ ಸ್ವಲ್ಪ ಸರಳ, ಆದರೆ ಮಕ್ಕಳಿಗೆ ಸಾಕು. ಅಂಕಗಳನ್ನು ನಾನು ಗೆರೆ ಸರಿಯಿದೆಯೇ ಎಂದು ನೋಡಿ ಕೊಡುವುದಿಲ್ಲ. ತುಂಡುಗೆರೆ ಇರಬೇಕಾದಲ್ಲಿ ಅಖಂಡ ಗೆರೆ ಎಳೆದಿದ್ದರೆ ಕಳೆಯುತ್ತೇನೆ. ಮೊದಲ ಸಲ ತರಗತಿಯ ಜಾಣ ವಿದ್ಯಾರ್ಥಿಗಳೇ ಹೆಚ್ಚು ಅಂಕ ಕಳೆದುಕೊಂಡರು, ಅದನ್ನು ಅವರಿಗೆ ಸಹನೆಯಿಂದ ವಿವರಿಸಬೇಕಾಯಿತು.

ಉತ್ತರ 3 — ಶಿಲಾ ವಿಶ್ಲೇಷಣೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು

ಪೆಟ್ಟಿಗೆಯ ವಿಚಾರ ಬಹಳ ಹಿಡಿಸಿತು. ಆದರೆ ಅದರಲ್ಲಿ ಒಂದು ಹೆಜ್ಜೆ ಬಿಟ್ಟುಹೋಗಿದೆ, ಅದಿಲ್ಲದೆ ನಾಲ್ಕನೆಯ ರಂಧ್ರ ಏನನ್ನೂ ಹೇಳಲಾರದು. ಅಲ್ಲಿ 9.4 ಸೆಂಟಿಮೀಟರ್ ಬಂದರೆ ಮಕ್ಕಳು ಏನೆನ್ನಬೇಕು? ಅದು 9ಕ್ಕೆ ಸಮವೋ, ಅಲ್ಲವೋ? ಕಡ್ಡಿ ಓರೆಯಾಗಿ ಇಳಿದಿರಬಹುದು, ರಟ್ಟು ಬಗ್ಗಿರಬಹುದು, ಅಳತೆಪಟ್ಟಿ ಓದಿದ ಕಣ್ಣು ಬೇರೆಯಿರಬಹುದು. ಆದ್ದರಿಂದ ಮೊದಲು ಒಂದೇ ರಂಧ್ರವನ್ನು ಐವರು ಬೇರೆ ಬೇರೆಯಾಗಿ, ಒಬ್ಬರ ಸಂಖ್ಯೆಯನ್ನು ಇನ್ನೊಬ್ಬರು ನೋಡದಂತೆ ಅಳೆಯಲಿ. ಆ ಐದು ಸಂಖ್ಯೆಗಳು 3.8ರಿಂದ 4.2ರವರೆಗೆ ಹರಡಿದ್ದರೆ ಒಂದೊಂದು ಅಳತೆಯಲ್ಲೂ ಸುಮಾರು 0.2 ಸೆಂಟಿಮೀಟರಿನ ಅನಿಶ್ಚಿತತೆ ಇದೆ ಎಂದಾಯಿತು. ಮೂರು ಅಳತೆಗಳನ್ನು ಕೂಡಿ ಕಳೆದು ಪಡೆದ 9ರಲ್ಲಿ ಅದು ಇನ್ನೂ ಹೆಚ್ಚಿರುತ್ತದೆ. ಆಗ 9.4 ಬಂದರೆ ಸಮತಲವನ್ನು ಕೈಬಿಡಲು ಕಾರಣವಿಲ್ಲ, 12 ಬಂದರೆ ಖಂಡಿತ ಇದೆ.

ನಮ್ಮ ಪ್ರಯೋಗಾಲಯದಲ್ಲಿ ಅಪರಿಚಿತ ಮಾದರಿಗಳ ನಡುವೆ ಮೂರು ಬಗೆಯ ಸಾಕ್ಷಿಗಳನ್ನು ಸೇರಿಸಿ ಅಳೆಯುತ್ತೇವೆ. ಒಂದು, ಕಲ್ಲಿನ ಪುಡಿಯೇ ಇಲ್ಲದೆ ಉಳಿದೆಲ್ಲ ರಾಸಾಯನಿಕಗಳು ಮಾತ್ರ ಇರುವ ಖಾಲಿ ಮಾದರಿ. ಇನ್ನೊಂದು, ಸಂಯೋಜನೆ ಮೊದಲೇ ಖಚಿತವಾಗಿರುವ ಪ್ರಮಾಣ ಮಾದರಿ. ಮತ್ತೊಂದು, ಒಂದೇ ಕಲ್ಲಿನ ಪುಡಿಯನ್ನು ಎರಡು ಬಾರಿ ಅಳೆಯುವ ಜೋಡಿ ಮಾದರಿ. ಖಾಲಿ ಮಾದರಿಯಲ್ಲಿ ಸೀಸ ಕಂಡರೆ ಆ ಸೀಸ ಬಂದದ್ದು ಕಲ್ಲಿನಿಂದಲ್ಲ, ನಮ್ಮಿಂದ. ಅಮೆರಿಕದ ಕ್ಲೇರ್ ಪ್ಯಾಟರ್ಸನ್ ಅವರಿಗೆ ಇದೇ ತೊಡಕು ವರ್ಷಗಟ್ಟಲೆ ಕಾಡಿತು. ಉಲ್ಕಾಶಿಲೆಗಳಲ್ಲಿನ ಸೀಸದ ಐಸೊಟೋಪುಗಳಿಂದ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳಿಂದ) ಭೂಮಿಯ ವಯಸ್ಸನ್ನು ಲೆಕ್ಕಹಾಕಲು ಹೊರಟ ಅವರಿಗೆ ಗಾಳಿ, ನೀರು, ಗಾಜು, ಚರ್ಮ ಎಲ್ಲದರಿಂದಲೂ ಸೀಸ ಮಾದರಿಗೆ ಬೆರೆಯುತ್ತಿರುವುದು ತಿಳಿಯಿತು. ಅದನ್ನು ಹೊರಗಿಡಲು ಅತ್ಯಂತ ಶುದ್ಧವಾದ ಪ್ರಯೋಗಾಲಯವನ್ನೇ ಕಟ್ಟಿಕೊಂಡು, 1956ರಲ್ಲಿ 455 ಕೋಟಿ ವರ್ಷ ಎಂಬ ಅಂಕಿಯನ್ನು, 7 ಕೋಟಿ ವರ್ಷಗಳ ಹೆಚ್ಚುಕಡಿಮೆಯೊಂದಿಗೆ ಪ್ರಕಟಿಸಿದರು. ಆ ಅಂಕಿ ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ನಿಂತಿದೆ.

ಇದನ್ನು ಹೇಳಲು ಇನ್ನೂ ಒಂದು ಕಾರಣವಿದೆ. ತುಂಡುಗೆರೆಯ ಉತ್ಸಾಹದಲ್ಲಿ ಮಕ್ಕಳು ‘ವಿಜ್ಞಾನಿಗಳಿಗೆ ಯಾವುದೂ ಖಚಿತವಾಗಿ ಗೊತ್ತಿಲ್ಲ’ ಎಂದು ತಿಳಿದುಕೊಂಡರೆ ಅದು ಅಖಂಡ ಗೆರೆಯಷ್ಟೇ ದೊಡ್ಡ ತಪ್ಪಾಗುತ್ತದೆ. ಬ್ರಿಟನ್ನಿನ ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ ಅವರು, ಭೂಮಿ ತಂಪಾಗುವ ವೇಗವನ್ನು ಲೆಕ್ಕಹಾಕಿ, 1862ರಲ್ಲಿ ಅದರ ವಯಸ್ಸು 2 ಕೋಟಿಯಿಂದ 40 ಕೋಟಿ ವರ್ಷಗಳ ನಡುವೆ ಇದೆ ಎಂದರು. ಅವರೂ ಹೆಚ್ಚುಕಡಿಮೆಯನ್ನು ನಮೂದಿಸಿದ್ದರು, ಗಣಿತವೂ ತಪ್ಪಿರಲಿಲ್ಲ. ಆದರೂ ನಿಜವಾದ ವಯಸ್ಸು ಆ ಮಿತಿಯ ಹೊರಗಿತ್ತು. ಭೂಮಿಯ ಒಳಭಾಗದಲ್ಲಿ ಶಾಖವು ಘನವಸ್ತುವಿನ ಮೂಲಕ ಒಂದೇ ರೀತಿಯಲ್ಲಿ, ನಿಧಾನವಾಗಿ ಹಾಯುತ್ತದೆ ಎಂದು ಅವರು ಹಿಡಿದುಕೊಂಡಿದ್ದರು. ಒಳಗಿನ ಶಾಖ ಅದಕ್ಕಿಂತ ಸರಾಗವಾಗಿ ಸಾಗುವಂತಿದ್ದರೆ ವಯಸ್ಸು ಎಷ್ಟೋ ಪಟ್ಟು ಹೆಚ್ಚಬಹುದು ಎಂದು ಅವರ ಹಿಂದಿನ ಸಹಾಯಕ ಜಾನ್ ಪೆರಿ 1895ರಲ್ಲೇ ತೋರಿಸಿದ್ದರು. ಕೆಲ್ವಿನ್ ಸೋತದ್ದು ಭೂಮಿಯೊಳಗೆ ಶಾಖ ಹುಟ್ಟಿಸುವ ವಿಕಿರಣಶೀಲತೆ ಗೊತ್ತಿಲ್ಲದ್ದರಿಂದ ಎಂದು ಪಾಠಗಳಲ್ಲಿ ಬರೆಯುವುದುಂಟು. ಪೆರಿಯವರ ಆಕ್ಷೇಪಣೆಯೇ ಹೆಚ್ಚು ತೂಕದ್ದು. ಅಳತೆಯ ಅನಿಶ್ಚಿತತೆ ಬೇರೆ, ಹಿಡಿದುಕೊಂಡ ಆಧಾರದ ಅನಿಶ್ಚಿತತೆ ಬೇರೆ. ಪೆಟ್ಟಿಗೆಯ ಭಾಷೆಯಲ್ಲಿ ಹೇಳುವುದಾದರೆ, ಎಷ್ಟು ಜಾಗರೂಕತೆಯಿಂದ ಅಳೆದರೂ ಹಲಗೆ ಸಮತಲವಾಗಿದೆ ಎಂಬ ನಂಬಿಕೆಯನ್ನು ಕಡ್ಡಿ ತಾನಾಗಿ ಪ್ರಶ್ನಿಸುವುದಿಲ್ಲ.

ಪ್ರಶ್ನೆ ಕೇಳಿದ ಶಿಕ್ಷಕಿಯಿಂದ

ಮೂವರಿಗೂ ಕೃತಜ್ಞಳಾಗಿದ್ದೇನೆ. ಐದು ಪೆಟ್ಟಿಗೆಗಳನ್ನು ತಯಾರಿಸಿ, ನಲವತ್ತು ನಿಮಿಷಗಳ ಎರಡು ಅವಧಿಗಳಲ್ಲಿ ಪಾಠ ನಡೆಸಿದೆ. ಮೂರರಲ್ಲಿ ಸಮತಲವಾದ ಹಲಗೆ, ಎರಡರಲ್ಲಿ ಕತ್ತರಿಸಿದ ಹಲಗೆ ಇತ್ತು. ಮೊದಲ ಅವಧಿ ಪೂರ್ತಿ ಒಂದೇ ರಂಧ್ರವನ್ನು ಮರಳಿ ಮರಳಿ ಅಳೆಯುವುದರಲ್ಲೇ ಕಳೆಯಿತು. ಮಕ್ಕಳಿಗೆ ಇದರಿಂದ ಬೇಸರವಾಗಬಹುದೆಂಬ ಅಳುಕಿತ್ತು, ಆದರೆ ತಮ್ಮ ಐದು ಸಂಖ್ಯೆಗಳು ಒಂದೇ ಆಗಿಲ್ಲ ಎಂಬುದು ಅವರಿಗೆ ನಿಜಕ್ಕೂ ಆಶ್ಚರ್ಯ ತಂದಿತು. ಅಷ್ಟು ವರ್ಷ ಪ್ರಯೋಗದ ಪುಸ್ತಕಗಳಲ್ಲಿ ಪ್ರತಿಯೊಂದು ಗುಂಪಿನ ಅಳತೆಯೂ ಒಂದೇ ಇರುತ್ತಿದ್ದುದರ ಅರ್ಥ ನನಗೂ ಆಗ ಹೊಳೆಯಿತು.

ಕತ್ತರಿಸಿದ ಹಲಗೆಯಿದ್ದ ಒಂದು ಗುಂಪಿಗೆ 8 ಬರಬೇಕಾದಲ್ಲಿ 11 ಬಂತು. ಒಬ್ಬ ವಿದ್ಯಾರ್ಥಿನಿ ಕೂಡಲೇ ಅದನ್ನು ಅಳಿಸಲು ರಬ್ಬರ್ ಎತ್ತಿಕೊಂಡಳು. ಅಳಿಸಬೇಡ, ಒಂದು ಗೆರೆ ಎಳೆದು ಕಾರಣ ಬರೆ ಎಂದೆ. ಅವಳು ಸ್ವಲ್ಪ ಹೊತ್ತು ಪೆನ್ಸಿಲ್ ಹಿಡಿದು ಕುಳಿತು, ಬರೆಯಲು ಕಾರಣವೇನೂ ಸಿಗುತ್ತಿಲ್ಲ ಎಂದಳು. ಹಾಗಾದರೆ ಸಂಖ್ಯೆ ಉಳಿಯಲಿ ಎಂದು ಗುಂಪಿನವರೇ ತೀರ್ಮಾನಿಸಿದರು. ಆಮೇಲೆ ಮೂರು ವಿವರಣೆಗಳನ್ನು ಅವರಾಗಿ ಪಟ್ಟಿಮಾಡಿದರು: ಅಳತೆ ತಪ್ಪಿದೆ, ಪದರ ಬಾಗಿದೆ, ಪದರ ಮುರಿದಿದೆ. ಮೊದಲನೆಯದನ್ನು ಮರು ಅಳತೆಯಿಂದ ತಳ್ಳಿಹಾಕಿದರು. ಉಳಿದೆರಡನ್ನು ಬೇರ್ಪಡಿಸಲು ಐದನೆಯ ರಂಧ್ರವನ್ನು ಎಲ್ಲಿ ತೆರೆಯಬೇಕು ಎಂಬ ಚರ್ಚೆ ಗಂಟೆ ಬಾರಿಸಿದ ಮೇಲೂ ನಿಲ್ಲಲಿಲ್ಲ.

ಈಗ ಒಂದು ಹೊಸ ಸಂದೇಹ. ಮುಚ್ಚಳವನ್ನು ತೆಗೆಯಬೇಕೆಂದು ಎಲ್ಲರೂ ಒತ್ತಾಯಿಸಿದರು, ನಾನು ಒಪ್ಪಲಿಲ್ಲ. ಕೆಲವರು ನಿಜವಾಗಿಯೂ ನೊಂದುಕೊಂಡರು. ತೆಗೆಯಬೇಕಿತ್ತೇ?

ಉತ್ತರ 1 — ಕ್ಷೇತ್ರ ಭೂವಿಜ್ಞಾನಿ

ತೆಗೆಯಬೇಡಿ. ನಮಗೆ ಯಾರೂ ಮುಚ್ಚಳ ತೆಗೆದು ತೋರಿಸುವುದಿಲ್ಲ. ಇಪ್ಪತ್ತು ವರ್ಷಗಳಲ್ಲಿ ನಾನು ಎಳೆದ ಗೆರೆಗಳಲ್ಲಿ ಬಹುಪಾಲು ಸರಿಯೋ ತಪ್ಪೋ ಎಂದು ನನಗೆ ಎಂದಿಗೂ ತಿಳಿಯದು; ಮತ್ತೊಂದು ಸಾಕ್ಷ್ಯ ಸಿಗುವವರೆಗೆ ಅವು ನಿಲ್ಲುತ್ತವೆ, ಅಷ್ಟೆ. ಆ ಗುಂಪಿಗೆ ಐದನೆಯ ರಂಧ್ರವನ್ನು ಕೊಡಿ. ಪದರ ಮುರಿದಿದ್ದರೆ ಬಿರುಕಿನ ಆಚೆಯೂ ಅದು ಮೊದಲಿನ ಓರೆಯಲ್ಲೇ ಸಾಗಬೇಕು, ಬಾಗಿದ್ದರೆ ಓರೆಯೇ ಬದಲಾಗಬೇಕು. ಹಾಗಾಗಿ 11 ಸಿಕ್ಕ ರಂಧ್ರದ ಇನ್ನೂ ಆಚೆಗೆ, ಅದೇ ಸಾಲಿನಲ್ಲಿ ತೆರೆಯಲು ಅವರಿಗೇ ಹೊಳೆಯುತ್ತದೆಯೇ ಎಂದು ಕಾದು ನೋಡಿ.

ಉತ್ತರ 2 — ಗಣಿತ ಮತ್ತು ವಿಜ್ಞಾನ ಶಿಕ್ಷಕ

ಇದೊಂದರಲ್ಲಿ ನಾನು ಹಿರಿಯರ ಮಾತಿಗೆ ಪೂರ್ತಿ ಒಪ್ಪಲಾರೆ. ಭೂಮಿಯ ಮುಚ್ಚಳವೂ ಕೆಲವೊಮ್ಮೆ ತೆರೆಯುತ್ತದೆ: ಸುರಂಗ ಕೊರೆದಾಗ, ಗಣಿ ತೋಡಿದಾಗ, ರಸ್ತೆಗಾಗಿ ಗುಡ್ಡ ಸೀಳಿದಾಗ. ಅಂಥ ದಿನ ತಮ್ಮ ಹಳೆಯ ನಕ್ಷೆಯನ್ನು ಕೈಯಲ್ಲಿ ಹಿಡಿದು ನೋಡಲು ಹೋಗದ ಭೂವಿಜ್ಞಾನಿ ಇರಲಾರರು. ನಾನು ನಾಲ್ಕು ಪೆಟ್ಟಿಗೆಗಳಲ್ಲಿ ಒಂದನ್ನು ಮಾತ್ರ, ಎಲ್ಲರ ಅಡ್ಡಸೀಳು ನೋಟಗಳನ್ನು ಗೋಡೆಗೆ ಅಂಟಿಸಿ ಒಂದು ವಾರವಾದ ಮೇಲೆ, ತೆರೆಯುತ್ತೇನೆ. ತೆರೆದಾಗ ಅವರು ನೋಡಬೇಕಾದದ್ದು ಯಾರು ಸರಿ ಎಂಬುದನ್ನಲ್ಲ, ತಮ್ಮ ತುಂಡುಗೆರೆಗಳು ಎಷ್ಟು ದೂರ ತಪ್ಪಿವೆ, ಅಖಂಡ ಗೆರೆಗಳು ಎಲ್ಲಿಯಾದರೂ ತಪ್ಪಿವೆಯೇ ಎಂಬುದನ್ನು.

ಪ್ರಶ್ನೆ ಕೇಳಿದ ಶಿಕ್ಷಕಿಯಿಂದ

ಐದನೆಯ ರಂಧ್ರವನ್ನು ನಾಳೆಯೇ ಕೊಡುತ್ತೇನೆ. ಮುಚ್ಚಳದ ವಿಷಯವನ್ನು ಇನ್ನೂ ನಿರ್ಧರಿಸಿಲ್ಲ. ಗೋಡೆಗೆ ನೋಟಗಳನ್ನು ಅಂಟಿಸಿ, ಒಂದು ವಾರ ಕಾಯುತ್ತೇನೆ.